ನನ್ನ ಅಂಗಡಿ ಎಲ್ಲಿ ಹೋತು?

ಫೋಟೋಗ್ರಫಿ ಕಲಿಯುತ್ತಿರುವ ವಿದ್ಯಾರ್ಥಿಯೊಬ್ಬ ತನ್ನ ಕೋರ್ಸಿಗಾಗಿ ತೆಗೆದ ನಲವತ್ತು ಚಿತ್ರಗಳ ಕಟ್ಟೊಂದನ್ನು ಇತ್ತೀಚೆಗೆ ನಮ್ಮ ಮುಂದೆ ತಂದಿಟ್ಟ. ಸಿಂದಗಿ ಕಡೆಯ ಹುಡುಗ. ಓದುವುದು ದೂರದ ನಗರದಲ್ಲಿ. ‘ಬೀದಿ ಛಾಯಾಗ್ರಹಣ’ ಎಂಬ ವಿಷಯಕ್ಕೆ ಅವನು ಆರಿಸಿಕೊಂಡದ್ದು ತನ್ನದೇ ವಿಜಯಪುರ ಜಿಲ್ಲೆಯ ನಾಲ್ಕು ಊರುಗಳನ್ನು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ಈ ಜಿಲ್ಲೆಯೆಂದರೆ ಗೋಳಗುಮ್ಮಟ ಎಂದಷ್ಟೇ ತಿಳಿದಿರುವ ನಾಡಿಗೆ ಅದರ ತಾಲೂಕು ಊರುಗಳ ಸಂತೆ, ಬಸ್‌ಸ್ಟ್ಯಾಂಡು, ಚಹಾದಂಗಡಿಗಳನ್ನು ತೋರಿಸಬೇಕೆಂಬ ಅವನ ಆಸೆಯೇ ಮೊದಲು ಮೆಚ್ಚಬೇಕಾದದ್ದು. ರಜೆಯಲ್ಲಿ ಕೆಂಪು ಬಸ್ಸಿನಲ್ಲಿ ಊರೂರು ತಿರುಗಿ, ಬಿಸಿಲಿನಲ್ಲಿ ನಿಂತು ತೆಗೆದ ಚಿತ್ರಗಳಿವು. ಶ್ರಮದ ಬಗ್ಗೆ ನಮ್ಮದು ಎರಡು ಮಾತಿಲ್ಲ.

ಆದರೆ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ಒಂದು ಬಗೆಯ ಕಸಿವಿಸಿ ಶುರುವಾಯಿತು. ಎಲ್ಲವೂ ಚೆಂದ. ಎಲ್ಲವೂ ಒಂದೇ ತೆರನಾದ ಚೆಂದ. ಒಂದು ಮುಖ, ಮುಖದ ಮೇಲಿನ ಒಂದೊಂದು ಸುಕ್ಕೂ ಸ್ಪಷ್ಟ. ಅದರ ಹಿಂದೆ ಹಾಲಿನಲ್ಲಿ ಬಣ್ಣ ಕಲಸಿದಂತಹ ಮಬ್ಬು. ನಲವತ್ತರಲ್ಲಿ ಇಪ್ಪತ್ತಾರು ಚಿತ್ರಗಳು ಹೀಗೆಯೇ ಇದ್ದವು. ಯಾವ ಚಿತ್ರ ಯಾವ ಊರಿನದೆಂದು ತಿಳಿಯಲು ಹಾಳೆಯನ್ನು ಮಗುಚಿ, ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿದ್ದ ಹೆಸರನ್ನು ನೋಡಬೇಕಾಯಿತು. ನಾಲ್ಕು ಊರುಗಳ ಬೀದಿಯ ಚಿತ್ರಗಳಲ್ಲಿ ಬೀದಿಯೇ ಇರಲಿಲ್ಲ.

“ಹಿಂದಿಂದೆಲ್ಲಾ ಹೋಗಬೇಕಲ್ರೀ ಸರ್, ಅಂದ್ರ ಮುಖ ಎದ್ದು ಕಾಣತದ” ಎಂದ ಹುಡುಗ. ಆಮೇಲೆ ಸ್ವಲ್ಪ ಅಳುಕಿನಿಂದಲೇ ಒಂದು ಘಟನೆ ಹೇಳಿದ. ಸಿಂದಗಿಯ ಬಜಾರಿನಲ್ಲಿ ಒಬ್ಬ ಮುದುಕ ಟೇಲರರ ಚಿತ್ರ ತೆಗೆದಿದ್ದನಂತೆ. ಕಟ್ಟಿನಲ್ಲಿ ಅತ್ಯುತ್ತಮವೆಂದು ಅವನ ಸಹಪಾಠಿಗಳು ಹೊಗಳಿದ ಚಿತ್ರ ಅದು: ಬಿಳಿ ಗಡ್ಡ, ತಲೆಯ ಮೇಲೆ ಹೆಣೆದ ಟೋಪಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಪ್ರಿಂಟು ಹಾಕಿಸಿಕೊಂಡು ಹೋಗಿ ಅವರಿಗೇ ಕೊಟ್ಟ. ಅವರು ಬಹಳ ಹೊತ್ತು ನೋಡಿದರು. ಮೆಚ್ಚಿಕೊಂಡರು ಎಂದೇ ಹುಡುಗ ತಿಳಿದ. ಕೊನೆಗೆ ಅವರು ಕೇಳಿದ್ದು: “ತಮ್ಮಾ, ಎಲ್ಲಾ ಛಲೋ ಬಂದದ. ನನ್ನ ಅಂಗಡಿ ಎಲ್ಲಿ ಹೋತು?”

ಈ ಪ್ರಶ್ನೆಗಿಂತ ಒಳ್ಳೆಯ ವಿಮರ್ಶೆಯನ್ನು ನಾವು ಬರೆಯಲಾರೆವು. ಮುಂದಿನದೆಲ್ಲ ಈ ಪ್ರಶ್ನೆಯ ವಿವರಣೆ ಅಷ್ಟೇ.

ಅಂಗಡಿ ಹೋದದ್ದು ಹೇಗೆ? ಮೊದಲು ತಾಂತ್ರಿಕ ಉತ್ತರವನ್ನೇ ನೋಡೋಣ. ಲೆನ್ಸು ಒಂದು ನಿರ್ದಿಷ್ಟ ದೂರಕ್ಕೆ ಮಾತ್ರ ಕರಾರುವಾಕ್ಕಾಗಿ ಫೋಕಸ್ ಆಗುತ್ತದೆ. ಅದರ ಹಿಂದೆ ಮುಂದೆ ಸ್ವಲ್ಪ ಜಾಗ ನಮ್ಮ ಕಣ್ಣಿಗೆ ಸ್ಪಷ್ಟವಾಗಿಯೇ ಕಾಣುತ್ತದೆ. ಆ ಜಾಗದ ಆಳಕ್ಕೆ ‘ಡೆಪ್ತ್ ಆಫ್ ಫೀಲ್ಡ್’ ಎನ್ನುತ್ತಾರೆ. ಸ್ಪಷ್ಟತೆಯ ಆಳ ಎನ್ನೋಣ. ಲೆನ್ಸಿನೊಳಗಿನ ಕಿಂಡಿಯನ್ನು ಅಗಲವಾಗಿ ತೆರೆದಷ್ಟೂ ಈ ಆಳ ಕಡಿಮೆ, ಕಿರಿದಾಗಿಸಿದಷ್ಟೂ ಹೆಚ್ಚು. ಲೆನ್ಸು ಉದ್ದವಾದಷ್ಟೂ ಕಡಿಮೆ, ಅಗಲ ನೋಟದ್ದಾದಷ್ಟೂ ಹೆಚ್ಚು. ವಸ್ತುವಿಗೆ ಹತ್ತಿರ ಹೋದಷ್ಟೂ ಕಡಿಮೆ, ದೂರ ಸರಿದಷ್ಟೂ ಹೆಚ್ಚು. ಕಿಂಡಿಯ ಅಳತೆಯ ಅಂಕಿಗಳು ಮಾತ್ರ ಹೊಸಬರನ್ನು ಗೊಂದಲಕ್ಕೆ ಕೆಡವುತ್ತವೆ. 1.8 ಎಂದರೆ ದೊಡ್ಡ ಕಿಂಡಿ, 16 ಎಂದರೆ ಸಣ್ಣ ಕಿಂಡಿ. ಲೆನ್ಸಿನ ಫೋಕಲ್ ಲೆಂಗ್ತನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಅಂಕಿ ಅದು. 50 ಮಿಲಿಮೀಟರ್ ಲೆನ್ಸಿನಲ್ಲಿ 1.8ಕ್ಕೆ ಕಿಂಡಿ ಸುಮಾರು 28 ಮಿಲಿಮೀಟರ್ ಅಗಲ, 16ಕ್ಕೆ ಕೇವಲ 3 ಮಿಲಿಮೀಟರ್.

ನಮ್ಮ ವಿದ್ಯಾರ್ಥಿಯ ಬಳಿ ಇರುವುದು ಎಲ್ಲ ಹುಡುಗರ ಬಳಿಯೂ ಇರುವಂತಹ ಸಣ್ಣ ಸೆನ್ಸರಿನ ಕ್ಯಾಮೆರಾ. ಅದರ ಜೊತೆಗೇ ಬಂದ 18-55 ಲೆನ್ಸು ಒಂದು, ಆಮೇಲೆ ಹಣ ಕೂಡಿಸಿ ಕೊಂಡ 50 ಮಿಲಿಮೀಟರಿನ 1.8 ಲೆನ್ಸು ಇನ್ನೊಂದು. ಎರಡನೆಯದನ್ನು ಪೂರ್ತಿ ತೆರೆದು ಎರಡು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಉಳಿಯುವುದು ಹನ್ನೊಂದು ಹನ್ನೆರಡು ಸೆಂಟಿಮೀಟರ್ ಜಾಗ ಮಾತ್ರ. ಅಂದರೆ ಮೂಗಿನಿಂದ ಕಿವಿಯವರೆಗೆ. ಕಿವಿಯ ಹಿಂದೆ ಊರು ಮುಗಿಯಿತು. ಅದೇ ಹುಡುಗ ಹಳೆಯ ಲೆನ್ಸನ್ನೇ 18ಕ್ಕೆ ಇಟ್ಟು, ಕಿಂಡಿಯನ್ನು 8ಕ್ಕೆ ಕಿರಿದಾಗಿಸಿ, ಅದೇ ಎರಡು ಮೀಟರಿಗೆ ಫೋಕಸ್ ಮಾಡಿದ್ದರೆ? ಹೆಚ್ಚುಕಡಿಮೆ ಒಂದು ಮೀಟರಿನಿಂದ ಹಿಡಿದು ಕಣ್ಣು ಹೋಗುವವರೆಗಿನ ಎಲ್ಲವೂ ಸ್ಪಷ್ಟ. ಮುದುಕ, ಹೊಲಿಗೆ ಯಂತ್ರ, ನೇತುಹಾಕಿದ ಜುಬ್ಬಾಗಳು, ಪಕ್ಕದ ಅಂಗಡಿಯ ಬೋರ್ಡು, ಆಚೆಯ ಬೀದಿ. ಕಿಸೆಯಲ್ಲಿದ್ದ ಹಣ ಕೊಟ್ಟು ಅವನು ಕೊಂಡದ್ದು ಬೀದಿಯನ್ನು ಅಳಿಸುವ ಲೆನ್ಸನ್ನು. ಬೀದಿಯನ್ನು ತೋರಿಸುವ ಲೆನ್ಸು ಅದಾಗಲೇ ಅವನ ಕೈಯಲ್ಲಿತ್ತು.

ಇನ್ನೊಂದು ಮಾತು. ಕಿಂಡಿ ಸಣ್ಣದಾದರೆ ಬೆಳಕು ಕಡಿಮೆಯಾಗುತ್ತದೆ, ಹಾಗಾಗಿ ಸಂಜೆ ಮುಂಜಾವಿನಲ್ಲಿ ಕಷ್ಟ. ನಿಜ. ಆದರೆ ವಿಜಯಪುರದ ಬಿಸಿಲಿಗೆ ಈ ಮಾತು ಅನ್ವಯಿಸದು. ನೆತ್ತಿಯ ಮೇಲೆ ಸೂರ್ಯನಿರುವಾಗ ಫಿಲ್ಮಿನ ವೇಗ 100 ಇದ್ದರೂ 8ರ ಕಿಂಡಿಗೆ ಸೆಕೆಂಡಿನ ಐನೂರರಲ್ಲಿ ಒಂದು ಪಾಲು ಸಾಕು. ಓಡುವ ಎತ್ತಿನ ಗಾಡಿಯೂ ಅಲುಗಾಡದೆ ನಿಲ್ಲುತ್ತದೆ. ಬಯಲುಸೀಮೆಯ ಬಡತನದ ಬಗ್ಗೆ ಎಷ್ಟೋ ಬರೆದಿದ್ದೇವೆ. ಆದರೆ ಬೆಳಕಿನ ವಿಷಯದಲ್ಲಿ ಇದು ಸಿರಿವಂತ ಸೀಮೆ. ಆ ಬೆಳಕಿನಲ್ಲಿ ನಿಂತು, ಕತ್ತಲ ಕೋಣೆಗೆಂದೇ ಮಾಡಿದಂತಹ ಕಿಂಡಿಯನ್ನು ಪೂರ್ತಿ ತೆರೆಯುವುದು ಕೆರೆಯ ದಂಡೆಯಲ್ಲಿ ಕೂತು ನೀರು ಕೊಂಡು ಕುಡಿದಂತೆ.

ಹಾಗಿದ್ದರೂ ಹುಡುಗ ಹೀಗೇಕೆ ಮಾಡಿದ? ಇದು ಅವನೊಬ್ಬನ ತಪ್ಪಲ್ಲ. ಮದುವೆ ಆಲ್ಬಂ, ಜಾಹೀರಾತು, ಸಿನಿಮಾ ಪೋಸ್ಟರುಗಳೆಲ್ಲ ಹಿನ್ನೆಲೆ ಕರಗಿಹೋದರೆ ಅದೇ ‘ಪ್ರೊಫೆಶನಲ್’ ಎಂದು ಕಲಿಸಿಬಿಟ್ಟಿವೆ. ಫೋನಿನ ಪುಟ್ಟ ಸೆನ್ಸರು ತಾನಾಗಿಯೇ ಎಲ್ಲವನ್ನೂ ಸ್ಪಷ್ಟವಾಗಿ ಕಾಣಿಸುವಂಥದ್ದು. ಅದಕ್ಕೂ 2016ರಲ್ಲಿ ಐಫೋನ್ 7 ಪ್ಲಸ್ ಬಂದಂದಿನಿಂದ ‘ಪೋರ್ಟ್ರೇಟ್ ಮೋಡ್’ ಎಂಬ ಹೆಸರಿನಲ್ಲಿ ಲೆಕ್ಕ ಹಾಕಿ ಮಬ್ಬು ಬಳಿಯುವುದನ್ನು ಕಲಿಸಲಾಗಿದೆ. ಸಾಫ್ಟ್‌ವೇರೊಂದು ಇಲ್ಲಿ ‘ಮನುಷ್ಯ ಇಷ್ಟು, ಉಳಿದದ್ದು ಹಿನ್ನೆಲೆ’ ಎಂದು ತೀರ್ಮಾನಿಸುತ್ತದೆ. ತಲೆಯ ಮೇಲಿನ ಬುಟ್ಟಿ, ಸೆರಗಿನ ಅಂಚು, ಹೆಗಲ ಮೇಲಿನ ಮಗುವಿನ ಕೈ, ಇವು ಎಷ್ಟೋ ಸಲ ಅದರ ಲೆಕ್ಕಕ್ಕೆ ಸಿಗದೆ ಮಬ್ಬಿನ ಪಾಲಾಗುತ್ತವೆ.

ಈಗ ಕಟ್ಟಿನ ಕೆಲವು ಚಿತ್ರಗಳನ್ನು ಬಿಡಿಬಿಡಿಯಾಗಿ ನೋಡೋಣ.

ಇಂಡಿಯ ಚಿತ್ರ. ಲಿಂಬೆಹಣ್ಣಿನ ರಾಶಿಯ ಹಿಂದೆ ಒಬ್ಬ ಹೆಣ್ಣುಮಗಳು. ಇಂಡಿಯ ಲಿಂಬೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಳೆ. ಈ ಚಿತ್ರದಲ್ಲಿ ಹಣ್ಣು ಹಳದಿ ಬಣ್ಣದ ಒಂದು ಮೋಡ. ಆಕೆಯ ಹಿಂದೆ ಹಸಿರು ಬಣ್ಣದ ಇನ್ನೊಂದು ಮೋಡ. ಅದೇನೆಂದು ಕೇಳಿದೆವು. ಚೀಲ ಹೇರಿಕೊಂಡು ನಿಂತಿದ್ದ ಲಾರಿ ಎಂದ. ಅಂದರೆ ಬೆಳೆದವಳಿಗೂ ಕೊಳ್ಳುವವನಿಗೂ ಇರುವ ಸಂಬಂಧ, ದರ ನಿಗದಿಯಾಗುವ ಜಾಗ, ಈ ಹಣ್ಣು ಹೋಗುವ ದಾರಿ, ಎಲ್ಲವೂ ಆ ಹಸಿರು ಮೋಡದಲ್ಲಿತ್ತು. ಅದನ್ನು ಕರಗಿಸಿದ ಮೇಲೆ ಉಳಿದದ್ದು ‘ಬಡ ಹೆಂಗಸಿನ ಮುಗುಳ್ನಗೆ’.

ಬಸವನಬಾಗೇವಾಡಿ ಎಂದು ಬೆನ್ನಿಗೆ ಬರೆದ ಚಿತ್ರ ನಿಜಕ್ಕೆ ಕೊಲ್ಹಾರದ್ದು. ಕೊಲ್ಹಾರ ಮೊದಲು ಬಾಗೇವಾಡಿ ತಾಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲೂಕು. ಮಣ್ಣಿನ ಕುಡಿಕೆಯ ಮೊಸರಿಗೆ ಹೆಸರಾದ ಊರು. ಚಿತ್ರದಲ್ಲಿರುವುದು ಕುಡಿಕೆ ಹಿಡಿದ ಕೈ, ಅದರ ಹಿಂದೆ ಒಂದು ಮುಖದ ನೆರಳು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದರು. ಹಿನ್ನೀರು ಬಂದಾಗ ಹಳೆಯ ಕೊಲ್ಹಾರ ಮುಳುಗಿ ಜನ ಪುನರ್ವಸತಿಯ ಊರಿಗೆ ಬಂದರು. ಈ ಕುಡಿಕೆಯ ಹಿಂದೆ ಮುಳುಗಡೆಯ ನೀರಿದೆ, ಆ ನೀರಿನ ಮೇಲೆ ಸೇತುವೆಯಿದೆ, ಸೇತುವೆಯ ಮೇಲೆ ಓಡುವ ಬಸ್ಸುಗಳನ್ನು ನಂಬಿ ಮೊಸರು ಮಾರುವವರಿದ್ದಾರೆ. ಕುಡಿಕೆ ಮತ್ತು ನೀರು ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿದಿದ್ದರೆ ಅದೊಂದು ಚರಿತ್ರೆಯಾಗುತ್ತಿತ್ತು. ಈಗ ಅದು ಹೋಟೆಲಿನ ಗೋಡೆಗೆ ತೂಗುಹಾಕಬಹುದಾದ ಚಿತ್ರ.

ಮೂರನೆಯದು ಮುದ್ದೇಬಿಹಾಳ ತಾಲೂಕಿನ ಹಳ್ಳಿಯೊಂದರ ಮೊಹರಂ. ನಮಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದ ಚಿತ್ರ ಇದೇ. ಬೆಳ್ಳಿಯ ಪಂಜಾ, ಅದನ್ನು ಹಿಡಿದವನ ಮುಚ್ಚಿದ ಕಣ್ಣು, ಹಣೆಯ ಬೆವರು. ಹಿಂದೆ ಮಬ್ಬು. ಈ ಸೀಮೆಯ ಮೊಹರಂ ಕಂಡವರಿಗೆ ಗೊತ್ತು, ಅಲ್ಲಿ ಹಿನ್ನೆಲೆ ಎಂಬುದು ಹಿನ್ನೆಲೆಯಲ್ಲ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಕನ್ನಡದಲ್ಲಿ ರಿವಾಯತ್ ಪದ ಹಾಡುವವರಲ್ಲಿ, ದೇವರಿಗೆ ಸಕ್ಕರೆ ಓದಿಸಲು ಬಂದವರಲ್ಲಿ ಊರಿನ ಎಲ್ಲ ಜಾತಿಯ ಜನರಿರುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಕೂಡ ಪೀರ್‌ ದೇವರು ಕೂಡುತ್ತಾರೆ. ಹುಡುಗನನ್ನು ಕೇಳಿದಾಗ, ಪಂಜಾ ಹಿಡಿದವನ ಬೆನ್ನಿಗೆ ವಿಭೂತಿ ಹಚ್ಚಿದ ಇಬ್ಬರು ಹಿರಿಯರು ನಿಂತಿದ್ದರೆಂದು ನೆನಪು ಮಾಡಿಕೊಂಡ. ಚಿತ್ರದಲ್ಲಿ ಅವರು ಎರಡು ಬೂದು ಮಚ್ಚೆಗಳು. ಒಂದು ಊರು ತಲೆಮಾರುಗಳಿಂದ ಕಟ್ಟಿಕೊಂಡು ಬಂದ ಸಹಬಾಳ್ವೆಯನ್ನು ಅಳಿಸಲು ದ್ವೇಷವೇ ಬೇಕೆಂದಿಲ್ಲ, 1.8ರ ಕಿಂಡಿಯೂ ಸಾಕಾಗುತ್ತದೆ!

ಇಲ್ಲಿ ನಾವು ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಟೇಲರ್ ಮುದುಕರ ಅಂಗಡಿಯನ್ನು ಕರಗಿಸಿದ ಕೂಡಲೇ ಅವರು ಟೇಲರ್ ಆಗಿ ಉಳಿಯುವುದಿಲ್ಲ. ಗಡ್ಡ ಮತ್ತು ಟೋಪಿಯಾಗಿ ಉಳಿಯುತ್ತಾರೆ. ಸಿಂದಗಿಯ ಬಜಾರಿನಲ್ಲಿ ಎಲ್ಲರ ಮದುವೆಗೂ ಬಟ್ಟೆ ಹೊಲಿದ, ಸಾಲ ಕೊಟ್ಟ, ಸಾಲ ಪಡೆದ, ನೆರೆಯವನೊಂದಿಗೆ ಜಗಳವಾಡಿ ರಾಜಿಯಾದ ಮನುಷ್ಯ ‘ಒಬ್ಬ ಮುಸ್ಲಿಂ’ ಆಗಿಬಿಡುತ್ತಾನೆ. ಪತ್ರಿಕೆಗಳು ರಂಜಾನಿಗೆ, ಗಲಭೆಗೆ, ಚುನಾವಣೆಗೆ ಬಳಸುವ ಚಿತ್ರಗಳನ್ನು ಗಮನಿಸಿ. ಉದ್ದ ಲೆನ್ಸಿನಲ್ಲಿ ದೂರದಿಂದ ಎಳೆದು ತೆಗೆದ ಟೋಪಿಗಳ ಸಾಲು, ಬುರ್ಖಾಗಳ ಸಾಲು. ಅವರು ನಿಂತದ್ದು ಪಡಿತರ ಅಂಗಡಿಯ ಮುಂದೋ ಆಸ್ಪತ್ರೆಯ ಮುಂದೋ ಕಾಣುವುದಿಲ್ಲ. 2022ರ ಫೆಬ್ರವರಿಯಲ್ಲಿ ನಮ್ಮದೇ ರಾಜ್ಯದಲ್ಲಿ ಶಾಲೆ ಕಾಲೇಜುಗಳ ಗೇಟಿನ ಬಳಿ ಹೆಣ್ಣುಮಕ್ಕಳ ಬೆನ್ನು ಹತ್ತಿದ ಕ್ಯಾಮೆರಾಗಳನ್ನು ನೋಡಿದ್ದೇವೆ. ಅವರ ತಲೆಯ ಮೇಲಿನ ಬಟ್ಟೆಯಷ್ಟೇ ಫೋಕಸ್ಸಿನಲ್ಲಿತ್ತು. ಬೆನ್ನಿನ ಮೇಲಿನ ಪುಸ್ತಕದ ಚೀಲ ಯಾರಿಗೂ ಕಾಣಲಿಲ್ಲ. ನಮ್ಮ ವಿದ್ಯಾರ್ಥಿಗೆ ಅಂತಹ ಕೆಟ್ಟ ಉದ್ದೇಶ ಇಲ್ಲವೆಂದು ಚೆನ್ನಾಗಿ ಬಲ್ಲೆವು. ಆದರೆ ಉದ್ದೇಶ ಬೇರೆಯಾದರೂ ವ್ಯಾಕರಣ ಒಂದೇ ಆದಾಗ ವಾಕ್ಯವೂ ಒಂದೇ ಆಗುವ ಅಪಾಯವಿದೆ.

ಇದು ಈ ಜಿಲ್ಲೆಗೆ ಹೊಸದೂ ಅಲ್ಲ. ಬಾಂಬೆ ಆರ್ಟಿಲರಿಯ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ಬಾಂಬೆ ಸರ್ಕಾರ 1855ರಲ್ಲಿ ಪುರಾತನ ಕಟ್ಟಡಗಳ ಫೋಟೋ ತೆಗೆಯಲು ನೇಮಿಸಿತು. ಆತ ಮತ್ತು ಮೇಜರ್ ಲಾಕ್ ತೆಗೆದ ಬಿಜಾಪುರದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಬಂದವು. ಚರಿತ್ರೆಯ ಭಾಗವನ್ನು ಮೆಡೋಸ್ ಟೇಲರ್, ವಾಸ್ತುಶಿಲ್ಪದ ಟಿಪ್ಪಣಿಗಳನ್ನು ಜೇಮ್ಸ್ ಫರ್ಗ್ಯುಸನ್ ಬರೆದರು. ಇಂದಿಗೂ ಬೆಲೆಬಾಳುವ ದಾಖಲೆ ಅದು. ಆದರೆ ಬಿಗ್ಸ್ ಕಾಲದ ಕಾಗದದ ನೆಗೆಟಿವಿಗೆ ಹಲವು ಸಲ ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿತ್ತು. ಕದಲದ ಗುಮ್ಮಟ ದಾಖಲಾಗುತ್ತಿತ್ತು, ನಡೆದಾಡುವ ಮನುಷ್ಯ ಆವಿಯಾಗುತ್ತಿದ್ದ. ಅಂದಿನ ಕ್ಯಾಮೆರಾ ಜನರನ್ನು ಅಳಿಸಿ ಕಟ್ಟಡವನ್ನು ಉಳಿಸಿತು. ಇಂದಿನ ಕ್ಯಾಮೆರಾ ಮುಖವನ್ನು ಉಳಿಸಿ ಊರನ್ನು ಅಳಿಸುತ್ತಿದೆ. ಮನುಷ್ಯ ಮತ್ತು ಊರು ಒಟ್ಟಿಗೆ ಇರುವ ಚಿತ್ರಕ್ಕೆ ಈ ಜಿಲ್ಲೆ ಇನ್ನೂ ಕಾಯುತ್ತಲೇ ಇದೆ.

ಹಾಗೆ ಒಟ್ಟಿಗೆ ಇಡುವುದು ಸಾಧ್ಯವೆಂದು ತೋರಿಸಿದವರಿದ್ದಾರೆ. ಬೀದಿ ಛಾಯಾಗ್ರಹಣ ಎಂದೊಡನೆ ಹೆಸರು ಬರುವ ಫ್ರಾನ್ಸಿನ ಹೆನ್ರಿ ಕಾರ್ಟಿಯೆ ಬ್ರೆಸ್ಸೊ 1947-48ರಲ್ಲಿ ಭಾರತದಲ್ಲಿದ್ದರು. ಗಾಂಧೀಜಿಯವರ ಕೊಲೆಯಾದ ದಿನವೇ, ಅದಕ್ಕೆ ಸ್ವಲ್ಪ ಮೊದಲು, ಅವರನ್ನು ಕಂಡು ಬಂದಿದ್ದರು. ಅದೇ 1948ರಲ್ಲಿ ಶ್ರೀನಗರದ ಹರಿಪರ್ಬತದ ಇಳಿಜಾರಿನಲ್ಲಿ ಅವರು ತೆಗೆದ ಚಿತ್ರವನ್ನು ನಮ್ಮ ವಿದ್ಯಾರ್ಥಿ ಕ್ಲಾಸಿನಲ್ಲಿ ನೋಡಿದ್ದಾನೆ. ಪ್ರಾರ್ಥನೆಯಲ್ಲಿ ನಿಂತ ಕೆಲವು ಹೆಂಗಸರು ನಮಗೆ ಬೆನ್ನು ಮಾಡಿದ್ದಾರೆ. ಒಬ್ಬಳ ಅಂಗೈಗಳು ಮುಂದಕ್ಕೆ ಚಾಚಿವೆ. ಆಚೆಗೆ ಕಣಿವೆ, ಬೆಟ್ಟ, ಮೋಡ. ಮುಖ ಕಾಣದಿದ್ದರೂ ಆ ಹೆಂಗಸರು ನಮಗೆ ‘ಬುರ್ಖಾ’ಗಳಾಗಿ ಕಾಣುವುದಿಲ್ಲ, ಏಕೆಂದರೆ ಅವರು ಯಾವ ಲೋಕವನ್ನು ನೋಡುತ್ತಿದ್ದಾರೋ ಆ ಲೋಕವೂ ಚಿತ್ರದಲ್ಲಿದೆ. ಬ್ರೆಸ್ಸೊ ಎಂದರೆ ‘ನಿರ್ಣಾಯಕ ಕ್ಷಣ’ ಎಂದಷ್ಟೇ ಬಾಯಿಪಾಠ ಮಾಡಿಸಲಾಗುತ್ತದೆ. ಆ ಕ್ಷಣ ಎಲ್ಲಿ ನಡೆಯಿತು ಎಂಬುದನ್ನು ಅವರು ಬಿಟ್ಟುಕೊಡಲಿಲ್ಲವೆಂಬುದು ಮರೆತುಹೋಗುತ್ತದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ನಮ್ಮವರೇ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ವಸ್ತುವಾಗಿಸಿಕೊಂಡವರು. ಸಿಡುಬು ನಿರ್ಮೂಲನೆಯ ಕೆಲಸವನ್ನು ದಾಖಲಿಸಿದವರು. ಅವರ ಮಕ್ಕಳ ಚಿತ್ರಗಳು 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಸತ್ಯನ್‌ರ ಮಕ್ಕಳು ಬರೀ ಮುಖಗಳಲ್ಲ. ಅವರಿಗೆ ಅಂಗಳವಿದೆ, ಶಾಲೆಯಿದೆ, ಒಡಹುಟ್ಟಿದವರಿದ್ದಾರೆ. ಹಾಗೆಯೇ ಸಿನಿಮಾದಲ್ಲಿ 1941ರ ‘ಸಿಟಿಜನ್ ಕೇನ್’ಗೆ ಗ್ರೆಗ್ ಟೋಲೆಂಡ್ ಮಾಡಿದ ಛಾಯಾಗ್ರಹಣವನ್ನು ಮೆಚ್ಚಿ ವಿಮರ್ಶಕ ಆಂದ್ರೆ ಬಾಜಾ ಒಂದು ಮುಖ್ಯ ವಿಚಾರ ಮುಂದಿಟ್ಟರು. ಮುಂದಿನದೂ ಹಿಂದಿನದೂ ಒಟ್ಟಿಗೆ ಸ್ಪಷ್ಟವಾಗಿದ್ದರೆ ಏನನ್ನು ನೋಡಬೇಕೆಂಬ ಆಯ್ಕೆ ನೋಡುಗನಿಗೇ ಉಳಿಯುತ್ತದೆ ಎಂಬುದು ಅವರ ವಾದದ ತಿರುಳು. ಮಬ್ಬು ಆಜ್ಞೆ ಮಾಡುತ್ತದೆ: ಇಲ್ಲಿ ನೋಡು, ಬೇರೆಲ್ಲೂ ನೋಡಬೇಡ. ಆಳ ಆಹ್ವಾನಿಸುತ್ತದೆ.

ಹಾಗೆಂದು ಮಬ್ಬೆಲ್ಲ ಪಾಪವೆಂದು ನಾವು ಫತ್ವಾ ಹೊರಡಿಸುತ್ತಿಲ್ಲ. ಜನಜಂಗುಳಿಯಲ್ಲಿ ಒಂಟಿಯಾದವರ ಚಿತ್ರಕ್ಕೆ, ಸಾವಿನ ಮನೆಯ ಒಂದು ಮುಖಕ್ಕೆ ಮಬ್ಬು ನಿಜವನ್ನೇ ಹೇಳಬಹುದು. ಕೆಲವೊಮ್ಮೆ ಮಬ್ಬು ಕರುಣೆಯೂ ಹೌದು. ಕಟ್ಟಿನಲ್ಲಿ ಸಿಂದಗಿ ಬಸ್‌ಸ್ಟ್ಯಾಂಡಿನ ಚಿತ್ರವೊಂದಿದೆ. ಮಹಾರಾಷ್ಟ್ರದ ಕಡೆ ಗುಳೆ ಹೊರಟ ಕುಟುಂಬದ ಗಂಟುಮೂಟೆ, ಕೊಡ, ಅದರ ಮೇಲೆ ಕಟ್ಟಿದ ಮಗುವಿನ ಚಪ್ಪಲಿ ಸ್ಪಷ್ಟವಾಗಿವೆ. ಅವುಗಳ ಹಿಂದೆ ಕುಳಿತವರ ಮುಖಗಳು ಮಾತ್ರ ಮಬ್ಬಾಗಿವೆ. ತಮ್ಮ ಮುಖ ತೋರಿಸಬೇಡವೆಂದು ಅವರೇ ಕೇಳಿಕೊಂಡರಂತೆ. ಹುಡುಗ ಅವರ ಮಾತನ್ನು ನಡೆಸಿಕೊಟ್ಟ, ಅವರ ಬದುಕನ್ನೂ ಹೇಳಿದ. ಕಟ್ಟಿನ ಅತ್ಯುತ್ತಮ ಚಿತ್ರ ನಮ್ಮ ಪ್ರಕಾರ ಇದು. ಇಲ್ಲಿ ಮಬ್ಬು ಅಭ್ಯಾಸವಲ್ಲ, ತೀರ್ಮಾನ.

ಇದರಿಂದ ಬೀದಿ ಛಾಯಾಗ್ರಹಣದ ಹಳೆಯ ಪ್ರಶ್ನೆಯೂ ಏಳುತ್ತದೆ. ಕೇಳದೆ ತೆಗೆಯಬಹುದೇ? ಕೇಳಿದರೆ ಕ್ಷಣ ಹೋಗುತ್ತದೆ ಎನ್ನುತ್ತಾರೆ. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ಸಂತೆಯಲ್ಲಿ ಎದುರಾದ ಮನುಷ್ಯನ ಮುಂದೆ ತೀರ್ಪಿನ ಪ್ರತಿ ಹಿಡಿದು ನಿಲ್ಲಲಾಗದು. ಅಲ್ಲಿ ಬೇಕಾದದ್ದು ಮರ್ಯಾದೆ. ಆಳದ ಚಿತ್ರ ತೆಗೆಯುವವನಿಗೆ ಇಲ್ಲೊಂದು ಅನುಕೂಲವಿದೆ. ಅಗಲ ನೋಟದ ಲೆನ್ಸು ಹಿಡಿದವನು ಹತ್ತಿರ ಹೋಗಲೇಬೇಕು. ರಸ್ತೆಯ ಆಚೆಯಿಂದ ಕದಿಯಲಾಗದು. ಹತ್ತಿರ ಹೋದವನು ಕಣ್ಣಿಗೆ ಬೀಳುತ್ತಾನೆ, ಮಾತನಾಡಬೇಕಾಗುತ್ತದೆ, ಬೈಸಿಕೊಳ್ಳಬೇಕಾಗುತ್ತದೆ, ಚಹಾ ಕುಡಿಯಬೇಕಾಗುತ್ತದೆ. ಒಂದು ಮೀಟರಿನ ಆ ದೂರದಲ್ಲಿ ತಂತ್ರ ಮತ್ತು ನೀತಿ ಒಂದನ್ನೊಂದು ಸಂಧಿಸುತ್ತವೆ.

ಆಳದ ಚಿತ್ರ ಸುಲಭವೆಂದೂ ಯಾರೂ ತಿಳಿಯಬಾರದು. ಎಲ್ಲವೂ ಸ್ಪಷ್ಟವಾದಾಗ ಎಲ್ಲವನ್ನೂ ಜೋಡಿಸುವ ಹೊಣೆ ತೆಗೆಯುವವನ ಮೇಲೆ ಬೀಳುತ್ತದೆ. ಕಂಬ ತಲೆಯಿಂದ ಚಿಗುರಬಾರದು, ಬೋರ್ಡು ಮುಖವನ್ನು ನುಂಗಬಾರದು. ಮಬ್ಬು ಈ ಹೊಣೆಯಿಂದ ತಪ್ಪಿಸಿಕೊಳ್ಳುವ ಹತ್ತಿರದ ದಾರಿ. ಅದಕ್ಕೇ ಹೊಸಬರಿಗೆ ಅದು ಪ್ರಿಯ. ನಮ್ಮ ವಿದ್ಯಾರ್ಥಿಯ ಉಳಿದ ಹದಿನಾಲ್ಕು ಚಿತ್ರಗಳಲ್ಲಿ ಕೆಲವು ಹೀಗೆ ಎಡವಿವೆ. ಮುದ್ದೇಬಿಹಾಳದ ಸಂತೆಯ ಚಿತ್ರದಲ್ಲಿ ಎಲ್ಲರೂ ಇದ್ದಾರೆ, ಯಾರೂ ಇಲ್ಲ. ಆದರೂ ಆ ಸೋಲನ್ನು ನಾವು ಇಪ್ಪತ್ತಾರು ಗೆಲುವುಗಳಿಗಿಂತ ಮೇಲೆಂದು ಎಣಿಸುತ್ತೇವೆ.

ಕಟ್ಟನ್ನು ಹಿಂತಿರುಗಿಸಿದ ಕೆಲವು ವಾರಗಳ ನಂತರ ಹುಡುಗ ಮತ್ತೆ ಬಂದ. ಸಿಂದಗಿಗೆ ಹೋಗಿ ಅದೇ ಅಂಗಡಿಯ ಮುಂದೆ ಎರಡು ಮಧ್ಯಾಹ್ನ ಕೂತಿದ್ದನಂತೆ. ಹೊಸ ಚಿತ್ರ ನೋಡಲು ಹಿಂದಿನದರಷ್ಟು ಚೆಂದವಿಲ್ಲ. ಎಡಗಡೆ ಒಂದು ಸೈಕಲ್ಲು ಅನಗತ್ಯವಾಗಿ ನುಗ್ಗಿದೆ, ಬಿಸಿಲು ನೆಲದ ಮೇಲೆ ಬೆಳ್ಳಗೆ ಚೆಲ್ಲಿದೆ. ಆದರೆ ಯಂತ್ರವಿದೆ, ಗೋಡೆಯ ಮೇಲೆ ಸೀಸದಕಡ್ಡಿಯಲ್ಲಿ ಬರೆದ ಅಳತೆಗಳಿವೆ, ಕಟ್ಟೆಯ ಮೇಲೆ ಬಟ್ಟೆ ಹಿಡಿದು ಕಾಯುವ ಹುಡುಗಿಯಿದ್ದಾಳೆ, ಪಕ್ಕದ ಬಳೆ ಅಂಗಡಿಯವನು ಪೇಪರು ಓದುತ್ತಿದ್ದಾನೆ. ಎಲ್ಲರ ನಡುವೆ ಮುದುಕರು ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಅವರ ಟೋಪಿ ಈಗಲೂ ಇದೆ, ಆದರೆ ಚಿತ್ರ ಟೋಪಿಯದಲ್ಲ.

“ಅವರಿಗೆ ತೋರಿಸಿದೆಯಾ?” ಎಂದು ಕೇಳಿದೆವು.

ತೋರಿಸಿದೆ ಎಂದ. ಅವರು ತಮ್ಮನ್ನು ನೋಡಿಕೊಳ್ಳಲೇ ಇಲ್ಲವಂತೆ. ಬಳೆ ಅಂಗಡಿಯವನನ್ನು ಕೂಗಿ ಕರೆದು, ಹಾಳೆಯ ಮೇಲೆ ಬೆರಳಿಟ್ಟು ಹೇಳಿದರಂತೆ: “ಇಲ್ಲಿ ನೋಡಪಾ, ನೀನೂ ಬಂದೀ.”